ಹೈಬ್ರಿಡ್ ಕಾರಿನ ಕೀಲೆಣ್ಣೆ

ಮೋಟಾರು ಕಾರಿನ ಬಾನೆಟ್ಟನ್ನು ಎತ್ತಿ ಒಳಗಣ ಯಂತ್ರವನ್ನು ನೋಡುವ ಕುತೂಹಲವು ಯಾವ ಕಾಲದ ತರುಣರಿಗೂ ಇದ್ದುದೇ. ಆದರೆ ಹೈಬ್ರಿಡ್ ಕಾರಿನ ಬಾನೆಟ್ಟನ್ನು ಎತ್ತಿದವರು ಅದನ್ನು ಬಹುಬೇಗ ಮುಚ್ಚಿಬಿಡುವುದನ್ನು ನಾವು ಅನೇಕ ಸಲ ಕಂಡಿದ್ದೇವೆ. ಕಿತ್ತಳೆ ಬಣ್ಣದ ದಪ್ಪನೆಯ ತಂತಿಗಳು, ಮಿಂಚಿನ ಗುರುತುಳ್ಳ ಎಚ್ಚರಿಕೆಯ ಚೀಟಿ, ಬೆಳ್ಳಿಯ ಬಣ್ಣದ ಒಂದು ಮುಚ್ಚಿದ ಪೆಟ್ಟಿಗೆ, ಇವನ್ನು ನೋಡಿದೊಡನೆ ಇದು ನಮ್ಮ ಕೈಯಿಂದ ಆಗುವ ಕೆಲಸವಲ್ಲವೆಂಬ ಭಾವನೆ ಹುಟ್ಟುತ್ತದೆ. ಕಾರನ್ನು ಮಾರುವವರಾಗಲಿ ದುರಸ್ತಿ ಮಾಡುವವರಾಗಲಿ ಈ ಭಾವನೆಯನ್ನು ಹೋಗಲಾಡಿಸಲು ಯತ್ನಿಸುವುದಿಲ್ಲ. ಹಾಗೆ ಯತ್ನಿಸಲು ಅವರಿಗೆ ಕಾರಣವೂ ಇಲ್ಲ. ಹೀಗಾಗಿ ಹಳೆಯ ಕಾರಿನ ಎಣ್ಣೆಯನ್ನು ಭಾನುವಾರದ ಬೆಳಿಗ್ಗೆ ತಾನೇ ಬದಲಾಯಿಸುತ್ತಿದ್ದ ಗೃಹಸ್ಥನು ಕೂಡ ಹೈಬ್ರಿಡ್ ಕಾರು ಮನೆಗೆ ಬಂದ ದಿನದಿಂದ ಸ್ಪ್ಯಾನರನ್ನು ಕೆಳಗಿಡುತ್ತಾನೆ. ಇದು ತಪ್ಪೆಂದು ನಮ್ಮ ಅಭಿಪ್ರಾಯ. ಹೈಬ್ರಿಡ್ ಕಾರಿನಲ್ಲಿ ಭಯಪಡಬೇಕಾದ ಸಂಗತಿಗಳು ಇಲ್ಲವೆಂದಲ್ಲ, ಇವೆ. ಆದರೆ ಜನರು ಭಯಪಡುತ್ತಿರುವುದು ಒಂದಕ್ಕೆ, ಭಯಪಡಬೇಕಾದುದು ಇನ್ನೊಂದಕ್ಕೆ.

ಹೈಬ್ರಿಡ್ ಎಂದರೆ ಮಿಶ್ರ. ಪೆಟ್ರೋಲ್ ಎಂಜಿನ್ನೂ ವಿದ್ಯುತ್ ಮೋಟಾರೂ ಒಂದೇ ಗಾಡಿಯ ಚಕ್ರಗಳನ್ನು ತಿರುಗಿಸುವ ಹೊಣೆಯನ್ನು ಹಂಚಿಕೊಳ್ಳುವ ಏರ್ಪಾಡು ಇದು. ಇಂಥ ಕಾರನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿದವರಲ್ಲಿ ಜಪಾನಿನ ಟೊಯೋಟ ಕಂಪನಿಯವರು ಮೊದಲಿಗರು. ಅವರ ಪ್ರಿಯಸ್ ಕಾರು 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದಿತು. 2000ದಲ್ಲಿ ಅಮೆರಿಕಕ್ಕೂ 2010ರಲ್ಲಿ ಭಾರತಕ್ಕೂ ಬಂದಿತು. 2013ರಲ್ಲಿ ನಮ್ಮ ಬಿಡದಿಯ ಕಾರ್ಖಾನೆಯಲ್ಲಿಯೇ ಕ್ಯಾಮ್ರಿ ಹೈಬ್ರಿಡ್ ಸಿದ್ಧವಾಗತೊಡಗಿತು. 2022ರಲ್ಲಿ ಅಲ್ಲಿಂದಲೇ ಇನ್ನೋವಾ ಹೈಕ್ರಾಸ್ ಹೊರಬಂದಿತು. ಆದುದರಿಂದ ಈ ಮಾತು ಪರದೇಶದವರಿಗೆ ಮಾತ್ರ ಸಂಬಂಧಿಸಿದುದಲ್ಲ. ಆದರೂ ಮುಂದೆ ನಾವು ಹೆಚ್ಚಾಗಿ ಪ್ರಿಯಸ್ಸನ್ನೇ ಉದಾಹರಣೆಯಾಗಿ ಎತ್ತಿಕೊಳ್ಳುತ್ತೇವೆ. ಅಮೆರಿಕದಲ್ಲಿ ಆ ಕಾರುಗಳು ಸಾಕಷ್ಟು ಹಳೆಯದಾಗಿವೆ, ಕೈಯಿಂದ ಕೈಗೆ ದಾಟಿವೆ, ವಿದ್ಯಾರ್ಥಿಗಳ ಕೈಗೂ ಬಂದಿವೆ. ಅವುಗಳ ಎಣ್ಣೆಯನ್ನು ಮನೆಯ ಮುಂದೆಯೇ ಬದಲಾಯಿಸುವ ಅಭ್ಯಾಸವು ಅಲ್ಲಿ ಚೆನ್ನಾಗಿ ಬೇರೂರಿದೆ.

ಮೊದಲು ಒಂದು ಸರಳ ಸಂಗತಿಯನ್ನು ಮನಸ್ಸಿನಲ್ಲಿಡಬೇಕು. ಹೈಬ್ರಿಡ್ ಕಾರಿನಲ್ಲಿರುವ ಎಂಜಿನ್ನು ಬೇರಾವುದೋ ಲೋಕದ ಯಂತ್ರವಲ್ಲ. ಅದರಲ್ಲಿಯೂ ಸಿಲಿಂಡರುಗಳಿವೆ, ಪಿಸ್ಟನ್ನುಗಳಿವೆ, ಕ್ರ್ಯಾಂಕ್ ದಂಡವಿದೆ, ಅಡಿಯಲ್ಲಿ ಎಣ್ಣೆಯ ತೊಟ್ಟಿಯಿದೆ. ನಮ್ಮ ಗ್ಯಾರೇಜಿನವರು ಈ ತೊಟ್ಟಿಯನ್ನು 'ಚೇಂಬರ್' ಎನ್ನುತ್ತಾರೆ. ತೊಟ್ಟಿಯ ತಳದಲ್ಲಿ ಒಂದು ಬೋಲ್ಟ್ ಇದೆ. ಅದನ್ನು ಬಿಚ್ಚಿದರೆ ಎಣ್ಣೆ ಕೆಳಗಿಳಿಯುತ್ತದೆ. ಈ ಬೋಲ್ಟಿಗೂ ಕಿತ್ತಳೆ ಬಣ್ಣದ ತಂತಿಗಳಿಗೂ ಯಾವ ಸಂಬಂಧವೂ ಇಲ್ಲ.

ಎಣ್ಣೆಯು ಅಲ್ಲಿ ಮಾಡುವ ಕೆಲಸವಾದರೂ ಏನು? ಲೋಹದ ಮೇಲೆ ಎಣ್ಣೆ ಸವರಿದರೆ ಜಾರುತ್ತದೆಂದು ಎಲ್ಲರೂ ಬಲ್ಲರು. ನಮ್ಮ ಹಿರಿಯರು ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದುದೂ ಇದಕ್ಕಾಗಿಯೇ. ಆದರೆ ವೇಗವಾಗಿ ತಿರುಗುವ ದಂಡದಲ್ಲಿ ನಡೆಯುವುದು ಬರಿಯ ಜಾರಿಕೆಯಲ್ಲ. 1883ರ ಸುಮಾರಿನಲ್ಲಿ ಇಂಗ್ಲೆಂಡಿನ ಬೋಶಾಂ ಟವರ್ ಎಂಬ ಎಂಜಿನಿಯರನು ರೈಲ್ವೆ ಬಂಡಿಗಳ ಬೇರಿಂಗುಗಳ ಘರ್ಷಣೆಯನ್ನು ಅಳೆಯುತ್ತಿದ್ದನು. ಬೇರಿಂಗಿನ ಮೇಲ್ಭಾಗದಲ್ಲಿ ಆತ ಕೊರೆದಿದ್ದ ಒಂದು ರಂಧ್ರದಿಂದ ಎಣ್ಣೆಯು ಉಕ್ಕಿ ಬರತೊಡಗಿತು. ಬಿರಡೆಯನ್ನು ಹಾಕಿ ಮುಚ್ಚಿದನು. ಬಿರಡೆಯೂ ಹೊರಕ್ಕೆ ತಳ್ಳಲ್ಪಟ್ಟಿತು. ಆಗ ಒಂದು ದೊಡ್ಡ ಸತ್ಯ ಹೊರಬಿದ್ದಿತು. ತಿರುಗುವ ದಂಡವು ತನ್ನೊಡನೆ ಎಣ್ಣೆಯನ್ನು ಸೆಳೆದುಕೊಂಡು ಇಕ್ಕಟ್ಟಾದ ಸಂದಿಗೆ ನುಗ್ಗಿಸುತ್ತದೆ. ಅಲ್ಲಿ ಏರ್ಪಡುವ ಒತ್ತಡವು ಮೇಲಿನ ಭಾರವನ್ನೆಲ್ಲ ಎತ್ತಿ ಹಿಡಿಯುತ್ತದೆ. ದಂಡವು ಲೋಹದ ಮೇಲೆ ಕುಳಿತಿಲ್ಲ, ಎಣ್ಣೆಯ ಪೊರೆಯ ಮೇಲೆ ತೇಲುತ್ತಿದೆ. 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಎಂಬ ಪ್ರಸಿದ್ಧ ವಿಜ್ಞಾನಿಯು ಇದಕ್ಕೆ ಗಣಿತದ ರೂಪವನ್ನು ಕೊಟ್ಟನು. ಎಂಜಿನ್ ಬೇರಿಂಗುಗಳನ್ನು ರಚಿಸುವವರಿಗೆ ಆ ಸಮೀಕರಣವು ಇಂದಿಗೂ ಆಧಾರ.

ದಂಡವು ನಿಂತರೆ ಪೊರೆಯು ಕುಸಿಯುತ್ತದೆ; ಮತ್ತೆ ಹೊರಡುವ ಕ್ಷಣದಲ್ಲಿ ಲೋಹಕ್ಕೆ ಲೋಹ ತಗಲುತ್ತದೆ. ಸವೆತವು ಹೆಚ್ಚಾಗಿ ನಡೆಯುವುದು ಈ ಆರಂಭದ ಕ್ಷಣಗಳಲ್ಲಿ. ಇಲ್ಲಿಯೇ ಹೈಬ್ರಿಡ್ ಕಾರಿನ ವಿಶೇಷವಿರುವುದು. ಸಾಮಾನ್ಯ ಕಾರಿನ ಎಂಜಿನ್ನನ್ನು ಬೆಳಿಗ್ಗೆ ಒಮ್ಮೆ ಹೊರಡಿಸಿದರೆ ಊರು ಮುಟ್ಟುವವರೆಗೂ ಅದು ಓಡುತ್ತಲೇ ಇರುತ್ತದೆ. ಹೈಬ್ರಿಡ್ ಕಾರಿನ ಎಂಜಿನ್ನು ದಾರಿಯುದ್ದಕ್ಕೂ ನಿಲ್ಲುತ್ತ ಹೊರಡುತ್ತ ಇರುತ್ತದೆ. ಸಿಲ್ಕ್ ಬೋರ್ಡಿನಂಥ ವೃತ್ತದ ನೂಕುನುಗ್ಗಲಿನಲ್ಲಿ ಅದು ಎಷ್ಟು ಸಲ ಮಲಗಿ ಎದ್ದಿತೆಂದು ಚಾಲಕನಿಗೇ ತಿಳಿಯದು. ಹಾಗಾದರೆ ಈ ಎಂಜಿನ್ನು ಬೇಗ ಸವೆದುಹೋಗಬೇಕಲ್ಲವೇ? ರಚನಕಾರರು ಇದಕ್ಕೆ ಒಂದು ಸೊಗಸಾದ ಉಪಾಯವನ್ನು ಮಾಡಿದ್ದಾರೆ. ಪ್ರಿಯಸ್ಸಿನಲ್ಲಿ ಎಂಜಿನ್ನನ್ನು ಎಬ್ಬಿಸುವುದು ಹಳೆಯ ಬಗೆಯ ಪುಟ್ಟ ಸ್ಟಾರ್ಟರ್ ಅಲ್ಲ, ಬಲವಾದ ಒಂದು ವಿದ್ಯುತ್ ಮೋಟಾರು. ಅದು ಎಂಜಿನ್ನನ್ನು ನಿಮಿಷಕ್ಕೆ ಸುಮಾರು 1,000 ಸುತ್ತುಗಳವರೆಗೆ ತಿರುಗಿಸಿದ ಮೇಲೆ ಪೆಟ್ರೋಲು ಹೊತ್ತಿಕೊಳ್ಳುತ್ತದೆ. ಉರಿಯ ಹೊಡೆತ ಬೀಳುವ ಹೊತ್ತಿಗೆ ಎಣ್ಣೆಯ ಪೊರೆ ಸಿದ್ಧವಾಗಿರುತ್ತದೆ. ಆದರೆ ಈ ಏರ್ಪಾಡು ಫಲಿಸಬೇಕಾದರೆ ಎಣ್ಣೆಯು ತೆಳುವಾಗಿದ್ದು ತಟ್ಟನೆ ಹರಿಯುವಂತಿರಬೇಕು.

ಈ ಕಾರಣದಿಂದಲೇ ಹೈಬ್ರಿಡ್ ಕಾರುಗಳ ಕೈಪಿಡಿಯಲ್ಲಿ 0ಡಬ್ಲ್ಯು-20 ಎಂಬ, ಹೊಸವುಗಳಲ್ಲಿ 0ಡಬ್ಲ್ಯು-16 ಎಂಬ ಅಂಕಿಗಳನ್ನು ಕಾಣುತ್ತೇವೆ. ದ್ರವವು ಹರಿಯಲು ತೋರುವ ಪ್ರತಿರೋಧಕ್ಕೆ ಸ್ನಿಗ್ಧತೆಯೆಂದು ಹೆಸರು. ಜೇನಿನದು ಹೆಚ್ಚು, ನೀರಿನದು ಕಡಿಮೆ. ಹರಳೆಣ್ಣೆಯದು ಮಾಗಿಯ ಬೆಳಗಿನಲ್ಲಿ ಹೆಚ್ಚು, ಒಲೆಯ ಮೇಲೆ ಕಡಿಮೆ. 'ಡಬ್ಲ್ಯು' ಎಂಬುದು ಚಳಿಗಾಲವನ್ನು ಸೂಚಿಸುವ ಇಂಗ್ಲಿಷ್ ಪದದ ಮೊದಲಕ್ಷರ. ಅದರ ಹಿಂದಿನ ಅಂಕಿಯು ಚಳಿಯಲ್ಲಿನ ನಡತೆಯನ್ನೂ ಮುಂದಿನ ಅಂಕಿಯು 100 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿನ ಸ್ನಿಗ್ಧತೆಯನ್ನೂ ತಿಳಿಸುತ್ತವೆ. ಸೊನ್ನೆಯ ದರ್ಜೆಯ ಎಣ್ಣೆಯನ್ನು ಸೊನ್ನೆಗಿಂತ 35 ಡಿಗ್ರಿ ಕೆಳಗೆ ಪರೀಕ್ಷಿಸುತ್ತಾರೆ. ಮೈಸೂರಿನಲ್ಲಾಗಲಿ ಕಲಬುರಗಿಯಲ್ಲಾಗಲಿ ಅಂಥ ಚಳಿ ಎಲ್ಲಿಯದು ಎಂದು ವಾಚಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಎಂಜಿನ್ನಿನ ದೃಷ್ಟಿಯಿಂದ ನಮ್ಮ ಬೇಸಗೆಯ ಬೆಳಗು ಕೂಡ ಚಳಿಯೇ. 25 ಡಿಗ್ರಿಯಲ್ಲಿ ಎಣ್ಣೆಯು 100 ಡಿಗ್ರಿಯಲ್ಲಿರುವುದಕ್ಕಿಂತ ಬಹು ಪಾಲು ದಪ್ಪವಾಗಿರುತ್ತದೆ. "ನಮ್ಮ ಸೆಖೆಗೆ ದಪ್ಪ ಎಣ್ಣೆಯೇ ಸರಿ ಸ್ವಾಮಿ" ಎಂದು ಸಲಹೆ ಕೊಡುವ ಅನುಭವಿಗಳು ನಮ್ಮಲ್ಲಿ ಬಹಳ. ಅವರ ಮಾತು ಹಳೆಯ ಲಾರಿಗಳಿಗೆ ಒಪ್ಪಬಹುದು. ಹೊರಗೆ ಎಷ್ಟೇ ಸೆಖೆಯಿರಲಿ, ಥರ್ಮೊಸ್ಟಾಟ್ ಎಂಬ ಉಪಕರಣವು ಎಂಜಿನ್ನನ್ನು ತಂಪುಮಾಡುವ ನೀರಿನ ಉಷ್ಣತೆಯನ್ನು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಹಿಡಿದಿರುತ್ತದೆ. ಆದಕಾರಣ ಅನುಭವಿಯ ಮಾತಿಗೂ ಕೈಪಿಡಿಯ ಮಾತಿಗೂ ವಿರೋಧ ಬಂದಾಗ ಕೈಪಿಡಿಯನ್ನೇ ನಂಬಬೇಕು.

ಇನ್ನು ಕೆಲವರು ಬೇರೊಂದು ವಾದವನ್ನು ಹೂಡುತ್ತಾರೆ. ಹೈಬ್ರಿಡ್ ಕಾರಿನ ಎಂಜಿನ್ನು ಅರ್ಧ ಹೊತ್ತು ಮಲಗಿಯೇ ಇರುತ್ತದೆ. ಆದುದರಿಂದ ಎಣ್ಣೆಯನ್ನು ಎರಡು ಪಾಲು ದೂರದವರೆಗೆ ಬಳಸಬಹುದು ಎಂಬುದು ಅವರ ಲೆಕ್ಕ. ಕೇಳಲು ಚೆನ್ನಾಗಿದೆ. ಆದರೆ ಇಲ್ಲಿ ರಸಾಯನಶಾಸ್ತ್ರವು ಅಡ್ಡ ಬರುತ್ತದೆ. ಪೆಟ್ರೋಲಿನ ಮಾದರಿಯಾಗಿ ಆಕ್ಟೇನನ್ನು ತೆಗೆದುಕೊಳ್ಳೋಣ. ಅದರ ಅಣುವಿನಲ್ಲಿ ಎಂಟು ಇಂಗಾಲದ ಪರಮಾಣುಗಳೂ ಹದಿನೆಂಟು ಜಲಜನಕದ ಪರಮಾಣುಗಳೂ ಇವೆ. 114 ಗ್ರಾಂ ಆಕ್ಟೇನು ಪೂರ್ತಿ ಉರಿದರೆ 162 ಗ್ರಾಂ ನೀರು ಹುಟ್ಟುತ್ತದೆ. ಒಂದು ಲೀಟರಿನ ತೂಕವನ್ನು ಸುಮಾರು 700 ಗ್ರಾಂ ಎಂದಿಟ್ಟುಕೊಂಡು ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಲಿ: ಒಂದು ಲೀಟರ್ ಪೆಟ್ರೋಲು ಉರಿದಾಗ ಸುಮಾರು ಒಂದು ಲೀಟರ್ ನೀರೇ ಆವಿಯಾಗಿ ಹೊರಡುತ್ತದೆ. ಬಹುಭಾಗವು ಹೊಗೆಯ ಕೊಳವೆಯಿಂದ ಹೊರಗೆ ಹೋಗುತ್ತದೆ. ಸ್ವಲ್ಪ ಭಾಗವು ಪಿಸ್ಟನ್ನಿನ ಬಳೆಗಳ ಸಂದಿಯಿಂದ ಕೆಳಗಿನ ತೊಟ್ಟಿಗೆ ನುಸುಳುತ್ತದೆ. ಎಂಜಿನ್ನು ಬಿಸಿಯಾಗಿ ಬಹುಕಾಲ ಓಡಿದರೆ ಈ ನೀರು ಮತ್ತೆ ಆವಿಯಾಗಿ ಹೋದೀತು. ಐದು ನಿಮಿಷ ಓಡಿ ಮಲಗುವ, ಮನೆಯಿಂದ ಮಾರುಕಟ್ಟೆಗೆ ಮಾತ್ರ ಹೋಗಿಬರುವ ಕಾರಿನ ಎಂಜಿನ್ನಿಗೆ ಆ ಭಾಗ್ಯವಿಲ್ಲ. ನೀರಿನ ಜೊತೆಗೆ ಉರಿಯದೆ ಉಳಿದ ಪೆಟ್ರೋಲೂ ಆಮ್ಲಗಳೂ ಎಣ್ಣೆಯಲ್ಲಿ ಸೇರುತ್ತವೆ. ಹೀಗೆ ಕಡಿಮೆ ಓಡಿದ ಎಂಜಿನ್ನಿನ ಎಣ್ಣೆಯೂ ಕೆಡುತ್ತದೆ; ಕೆಡುವ ರೀತಿ ಮಾತ್ರ ಬೇರೆ. ಅಮೆರಿಕದಲ್ಲಿ 0ಡಬ್ಲ್ಯು-20 ಸಂಶ್ಲೇಷಿತ ಎಣ್ಣೆಯನ್ನು ಬಳಸುವ ಟೊಯೋಟ ಹೈಬ್ರಿಡ್ ಕಾರುಗಳಿಗೆ 10,000 ಮೈಲಿ ಅಥವಾ 12 ತಿಂಗಳು, ಇವುಗಳಲ್ಲಿ ಯಾವುದು ಮೊದಲೋ ಆಗ ಎಣ್ಣೆ ಬದಲಾಯಿಸಬೇಕೆಂದು ಹೇಳಿರುವುದರ ಅರ್ಥವು ಇದೇ. ನಮ್ಮ ದೇಶದ ಕಾರಿಗೆ ನಮ್ಮ ಕೈಪಿಡಿಯ ಅಂಕಿಗಳೇ ಪ್ರಮಾಣ; ಆದರೆ ತಿಂಗಳ ಅಂಕಿಯನ್ನು ಬಿಟ್ಟು ಕಿಲೋಮೀಟರಿನ ಅಂಕಿಯನ್ನು ಮಾತ್ರ ಓದುವವರು ಇಲ್ಲಿಯೂ ಇದ್ದಾರೆ.

ಈಗ ಭಯದ ವಿಷಯಕ್ಕೆ ಬರೋಣ. ಎರಡನೆಯ ಮತ್ತು ಮೂರನೆಯ ಮಾದರಿಯ ಪ್ರಿಯಸ್ಸುಗಳ ದೊಡ್ಡ ಬ್ಯಾಟರಿಯ ಒತ್ತಡವು 201.6 ವೋಲ್ಟ್, ಅದನ್ನು ಮುಂಭಾಗದ ಪೆಟ್ಟಿಗೆಯಲ್ಲಿ ಇನ್ನೂ ಮೇಲಕ್ಕೆ, ಮೂರನೆಯ ಮಾದರಿಯಲ್ಲಿ 650 ವೋಲ್ಟಿನವರೆಗೆ, ಏರಿಸುತ್ತಾರೆ. ಇದು ಪ್ರಾಣ ತೆಗೆಯಬಲ್ಲ ಒತ್ತಡ, ಇದರಲ್ಲಿ ಸಂದೇಹವಿಲ್ಲ. ಆದರೆ ಈ ವಿದ್ಯುತ್ತನ್ನು ಕಾರಿನ ಲೋಹದ ಒಡಲಿನಿಂದ ಸಂಪೂರ್ಣವಾಗಿ ಬೇರ್ಪಡಿಸಿರುತ್ತಾರೆ. ಕಾರನ್ನು ಆರಿಸಿದಾಗ ರಿಲೇಗಳು ತೆರೆದುಕೊಂಡು ಬ್ಯಾಟರಿಯು ಉಳಿದ ಭಾಗದಿಂದ ಕಡಿದುಹೋಗುತ್ತದೆ. ಅದು ಹರಿಯುವ ತಂತಿಗಳಿಗೆಲ್ಲ ಕಿತ್ತಳೆ ಬಣ್ಣವನ್ನು ಕೊಟ್ಟಿರುವುದು ದೂರದಿಂದಲೇ ಗುರುತು ಸಿಗಲೆಂದು. ಕಿತ್ತಳೆ ಬಣ್ಣದ್ದನ್ನು ಮುಟ್ಟಬಾರದು, ಬಿಚ್ಚಬಾರದು, ಅದರ ಮೇಲೆ ಭಾರ ಹೇರಬಾರದು. ಎಣ್ಣೆ ಬದಲಾಯಿಸುವವನು ತಿಳಿದಿರಬೇಕಾದ ವಿದ್ಯುಚ್ಛಾಸ್ತ್ರ ಇಷ್ಟೇ.

ಭಯಪಡಬೇಕಾದುದು ನಿದ್ರಿಸುತ್ತಿರುವ ಎಂಜಿನ್ನಿಗೆ. ಸಾಮಾನ್ಯ ಕಾರಿನಲ್ಲಿ ಸದ್ದಿಲ್ಲವೆಂದರೆ ಎಂಜಿನ್ನು ನಿಂತಿದೆಯೆಂದು ಅರ್ಥ. ಹೈಬ್ರಿಡ್ ಕಾರಿನಲ್ಲಿ ಸದ್ದಿಲ್ಲವೆಂದರೆ ಏನೂ ಅರ್ಥವಿಲ್ಲ. ಮುಂಫಲಕದಲ್ಲಿ 'ರೆಡಿ' ಎಂಬ ದೀಪವು ಉರಿಯುತ್ತಿರುವವರೆಗೆ, ಬ್ಯಾಟರಿ ಇಳಿಯಿತೆಂದೋ ಎಂಜಿನ್ನು ತಣ್ಣಗಾಯಿತೆಂದೋ ಗಣಕಯಂತ್ರಕ್ಕೆ ತೋರಿದೊಡನೆ ಎಂಜಿನ್ನು ತಾನಾಗಿಯೇ ಓಡತೊಡಗುತ್ತದೆ. ನಾವೇ ಒಮ್ಮೆ ಇಂಥ ಕಾರಿನ ಬಾನೆಟ್ಟನ್ನು ತೆರೆದು ಎಣ್ಣೆ ಅಳೆಯುವ ಕಡ್ಡಿಗೆ ಕೈ ಚಾಚಿದ್ದಾಗ, ಎರಡು ಗೇಣು ದೂರದಲ್ಲಿ ಎಂಜಿನ್ನು ಒಮ್ಮೆಲೇ ಎದ್ದು ಓಡಿತು. ಕೈಗೆ ಏನೂ ಆಗಲಿಲ್ಲ. ಎದೆ ಮಾತ್ರ ಬಹಳ ಹೊತ್ತು ಹೊಡೆದುಕೊಂಡಿತು. ಕಾರನ್ನು ಆರಿಸಿದ್ದೇವೆಂದು ನಾವು ತಿಳಿದಿದ್ದೆವು, ಆರಿಸಿರಲಿಲ್ಲ. ತೊಟ್ಟಿಯ ಎಣ್ಣೆಯೆಲ್ಲ ಕೆಳಗಿಳಿದಿರುವಾಗ ಹೀಗಾದರೆ ಎಂಜಿನ್ನೇ ಹಾಳಾಗುತ್ತದೆ. ಆದ್ದರಿಂದ ಗುಂಡಿಯನ್ನೊತ್ತಿ ಕಾರನ್ನು ಆರಿಸಿ, 'ರೆಡಿ' ದೀಪವು ನಂದಿರುವುದನ್ನು ಕಣ್ಣಾರೆ ಕಂಡು, ಕೀಲಿಯನ್ನು ಮನೆಯೊಳಗೆ ದೂರದಲ್ಲಿಟ್ಟು ಬಂದ ಮೇಲೆಯೇ ಕಾರಿನ ಬಳಿ ಸುಳಿಯಬೇಕು. ಕೀಲಿಯು ಜೇಬಿನಲ್ಲಿದ್ದರೆ ಸಾಲದು, ಏಕೆಂದರೆ ಈ ಕೀಲಿಗಳು ಜೇಬಿನಿಂದಲೇ ಕಾರಿನೊಡನೆ ಮಾತನಾಡುತ್ತವೆ.

ಎರಡನೆಯ ಅಪಾಯವು ಹೈಬ್ರಿಡ್ ಕಾರಿಗೆ ವಿಶೇಷವಲ್ಲ, ಆದರೂ ಅತ್ಯಂತ ದೊಡ್ಡದು. ಮೂರನೆಯ ಮಾದರಿಯ ಪ್ರಿಯಸ್ಸಿನ ತೂಕ ಸುಮಾರು 1,400 ಕಿಲೋಗ್ರಾಂ. ಸ್ಟೆಪ್ನಿ ಚಕ್ರ ಹಾಕಲೆಂದು ಕೊಟ್ಟಿರುವ ಜಾಕಿಯ ಮೇಲೆ ಮಾತ್ರ ಅದನ್ನು ನಿಲ್ಲಿಸಿ ಅಡಿಗೆ ನುಸುಳುವವನು ತನ್ನ ಪ್ರಾಣವನ್ನು ಒಂದು ತಿರುಪಿನ ಎಳೆಗೆ ಒಪ್ಪಿಸಿದಂತೆ. ಗಟ್ಟಿಯಾದ ಸಮತಲ ನೆಲ, ಹಿಂದಿನ ಚಕ್ರಗಳಿಗೆ ಅಡ್ಡಗಟ್ಟೆ, ಭಾರ ಹೊರುವ ಉಕ್ಕಿನ ಸ್ಟ್ಯಾಂಡುಗಳು ಅಥವಾ ಇಳಿಜಾರು ರ‍್ಯಾಂಪುಗಳು, ಇವಿಲ್ಲದೆ ಈ ಕೆಲಸಕ್ಕೆ ಕೈ ಹಾಕಕೂಡದು. ಇಟ್ಟಿಗೆ, ಸೈಜುಕಲ್ಲುಗಳನ್ನು ಜೋಡಿಸುವುದು ಬೇಡವೇ ಬೇಡ. ವಿದ್ಯಾರ್ಥಿಗಳು ಮೊದಲ ಸಲ ಈ ಕೆಲಸವನ್ನು ಬಲ್ಲ ಹಿರಿಯರೊಬ್ಬರ ಜೊತೆಯಲ್ಲಿ ಮಾಡಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಮೂರನೆಯದು ಬೋಲ್ಟನ್ನು ತಪ್ಪಾಗಿ ಗುರುತಿಸುವುದು. ಇದು ಹಾಸ್ಯವಾಗಿ ತೋರಬಹುದು. ಆದರೆ ಅವಸರದ ಗ್ಯಾರೇಜುಗಳಲ್ಲಿ ನಡೆದಿರುವ ತಪ್ಪು. ಪ್ರಿಯಸ್ಸಿನಲ್ಲಿ ಚಾಲಕನಂತೆ ಮುಂದಕ್ಕೆ ಮುಖ ಮಾಡಿ ನೋಡಿದರೆ ಬಲಗಡೆ ಎಂಜಿನ್ನೂ ಎಡಗಡೆ ಮೋಟಾರುಗಳನ್ನೂ ಹಲ್ಲುಚಕ್ರಗಳನ್ನೂ ಒಳಗೊಂಡ ಪೆಟ್ಟಿಗೆಯೂ ಇವೆ. ಆ ಪೆಟ್ಟಿಗೆಗೂ ಅದರದೇ ದ್ರವ, ಅದರದೇ ಬೋಲ್ಟು. ಅದನ್ನು ಬಿಚ್ಚಿ, ಅಲ್ಲಿಂದ ಇಳಿದ ದ್ರವವನ್ನೇ ಹಳೆಯ ಎಂಜಿನ್ ಎಣ್ಣೆಯೆಂದು ತಿಳಿದು, ಮೇಲಿನಿಂದ ಹೊಸ ಎಣ್ಣೆಯನ್ನು ಸುರಿದರೆ ಒಂದು ಕಡೆ ಬರಿದು, ಇನ್ನೊಂದು ಕಡೆ ತುಂಬಿ ತುಳುಕು. ಗುರುತು ಹಿಡಿಯಲು ಒಂದು ಸುಲಭ ಸೂಚನೆಯಿದೆ. ಓಡಿದ ಎಂಜಿನ್ನಿನ ಎಣ್ಣೆ ಕಂದು ಅಥವಾ ಕಪ್ಪು. ಹಲ್ಲುಚಕ್ರಗಳ ಪೆಟ್ಟಿಗೆಯ ದ್ರವಕ್ಕೆ ಕೆಂಪಿನ ಛಾಯೆ. ಕೆಂಪಾದುದು ಇಳಿಯುತ್ತಿದ್ದರೆ ಕೂಡಲೇ ಬೋಲ್ಟನ್ನು ಹಿಂದಕ್ಕೆ ಹಾಕಬೇಕು.

ಉಳಿದ ಕೆಲಸವು ಸರಳ. ಸ್ವಲ್ಪ ದೂರ ಓಡಿಸಿ ಬಂದರೆ ಎಣ್ಣೆ ಬೆಚ್ಚಗಾಗಿ ಚೆನ್ನಾಗಿ ಹರಿಯುತ್ತದೆ; ಆದರೆ ಕೈ ಸುಡುವಷ್ಟು ಬಿಸಿಯಿರುವಾಗ ಬಿಚ್ಚಬಾರದು. ಅಡಿಯ ಪ್ಲಾಸ್ಟಿಕ್ ಹಾಳೆಯಲ್ಲಿ ಕಿಂಡಿಯಿದ್ದರೆ ಅದನ್ನು ತೆರೆದು, ಅಗಲವಾದ ತಟ್ಟೆಯನ್ನಿಟ್ಟು, ಬೋಲ್ಟನ್ನು ಬಿಚ್ಚಿ, ತೊಟ್ಟಿಕ್ಕುವುದು ನಿಲ್ಲುವವರೆಗೆ ತಾಳ್ಮೆಯಿಂದ ಕಾಯಬೇಕು. ಫಿಲ್ಟರನ್ನು ಬದಲಾಯಿಸುವಾಗ ಹಳೆಯ ರಬ್ಬರಿನ ಬಳೆಯು ಅಂಟಿಕೊಂಡು ಉಳಿದಿಲ್ಲವೆಂದು ನೋಡಿಕೊಳ್ಳಬೇಕು. ಬೋಲ್ಟಿಗೆ ಹೊಸ ವಾಷರ್ ಹಾಕಬೇಕು. ಬಿಗಿಮಾಡುವಾಗ ನಮ್ಮವರು ಮೈಯ ಬಲವನ್ನೆಲ್ಲ ಪ್ರಯೋಗಿಸುತ್ತಾರೆ. ಮೂರನೆಯ ಮಾದರಿಯ ಪ್ರಿಯಸ್ಸಿಗೆ ಬೇಕಾದುದು ಸುಮಾರು 37 ನ್ಯೂಟನ್-ಮೀಟರ್ ತಿರುಚುಬಲ ಮಾತ್ರ. 25 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಯಲ್ಲಿ 15 ಕಿಲೋಗ್ರಾಂ ತೂಗುಹಾಕಿದಂತೆ. ಸನ್ನೆಯ ಸೂತ್ರವನ್ನು ಪರೀಕ್ಷೆಯಲ್ಲಿ ಬರೆದ ಹುಡುಗನಿಗೆ ಅದರ ಪ್ರಯೋಜನವನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಆ ಎಂಜಿನ್ನಿಗೆ ಫಿಲ್ಟರ್ ಸೇರಿ 4.2 ಲೀಟರ್ ಎಣ್ಣೆ ಸಾಕು. ಡಬ್ಬಿಯಲ್ಲಿ ಮಿಕ್ಕಿದೆಯೆಂದು ಪೂರ್ತಿ ಸುರಿದುಬಿಡಬಾರದು. ಹೆಚ್ಚಾದ ಎಣ್ಣೆಯನ್ನು ಕ್ರ್ಯಾಂಕ್ ದಂಡವು ಮಜ್ಜಿಗೆಯಂತೆ ಕಡೆಯುತ್ತದೆ. ನೊರೆಯಲ್ಲಿರುವ ಗಾಳಿಯು ಟವರನು ಕಂಡ ಆ ಪೊರೆಯನ್ನು ಹಿಡಿದು ನಿಲ್ಲಿಸಲಾರದು. ಆದಕಾರಣ ಅರ್ಧ ಲೀಟರ್ ಕಡಿಮೆ ಸುರಿದು, ಕಡ್ಡಿಯಿಂದ ಅಳೆದು, ಮೇಲಿನ ಗುರುತಿಗೆ ಸ್ವಲ್ಪ ಕೆಳಗೆ ನಿಲ್ಲುವಂತೆ ತುಂಬಬೇಕು.

ಇಷ್ಟೆಲ್ಲ ತಾಪತ್ರಯವೇಕೆ, ಗ್ಯಾರೇಜಿಗೆ ಕೊಟ್ಟರಾಗದೇ ಎಂದು ಕೇಳುವವರಿಗೆ ನಾವು ಹಣದ ಉಳಿತಾಯವನ್ನು ಉತ್ತರವಾಗಿ ಹೇಳುವುದಿಲ್ಲ. ಅಮೆರಿಕದಲ್ಲಿ ಕೂಲಿ ದುಬಾರಿ, ಅಲ್ಲಿ ಆ ಉತ್ತರ ಸಲ್ಲುತ್ತದೆ. ನಮ್ಮಲ್ಲಿ ಉಳಿಯುವುದು ಅಲ್ಪ. ನಮ್ಮ ಉತ್ತರ ಬೇರೆ. ಈ ಕಾಲದಲ್ಲಿ ನಮ್ಮ ಮನೆಗೆ ಬರುವ ಯಂತ್ರಗಳೆಲ್ಲ ಮುಚ್ಚಿದ ಪೆಟ್ಟಿಗೆಗಳಾಗುತ್ತಿವೆ. ಒಳಗೆ ನಡೆಯುವುದೇನೆಂದು ತಿಳಿಯದವನು ಹೊರಗಿನವರು ಹೇಳಿದುದನ್ನು ನಂಬಲೇಬೇಕು. ನಮ್ಮ ಪರಿಚಿತರೊಬ್ಬರ ಕಾರಿಗೆ ಒಂದು ಗ್ಯಾರೇಜಿನಲ್ಲಿ ಎಣ್ಣೆಯನ್ನು ಒಂದು ಲೀಟರಿನಷ್ಟು ಹೆಚ್ಚಾಗಿ ತುಂಬಿಬಿಟ್ಟಿದ್ದರು. ಅವರು ಅದನ್ನು ಕಂಡುಹಿಡಿದುದು ಹಿಂದೊಮ್ಮೆ ತಮ್ಮ ಕೈಯಿಂದಲೇ ಎಣ್ಣೆ ಬದಲಾಯಿಸಿದ್ದರಿಂದ. ಗ್ಯಾರೇಜಿನಿಂದ ಬಂದ ಸಂಜೆ ಕಡ್ಡಿಯನ್ನು ತೆಗೆದು ನೋಡುವ ಅಭ್ಯಾಸ ಅವರಿಗಿತ್ತು. ಒಮ್ಮೆ ಮಾಡಿದವನು ಮುಂದೆ ಗ್ಯಾರೇಜಿಗೇ ಹೋದರೂ ಬೇರೊಂದು ಬಗೆಯ ಗಿರಾಕಿಯಾಗಿ ಹೋಗುತ್ತಾನೆ.

ಗ್ಯಾರಂಟಿಯ ಪ್ರಶ್ನೆಯೊಂದಿದೆ. ತಯಾರಕರು ತಮ್ಮ ಬಿಡಿಭಾಗ ಅಥವಾ ಸೇವೆಯನ್ನೇ ಹಣ ಕೊಟ್ಟು ಕೊಳ್ಳಬೇಕೆಂದು ಗ್ಯಾರಂಟಿಗೆ ಷರತ್ತು ಹಾಕುವುದನ್ನು ಅಮೆರಿಕದ 1975ರ ಕಾನೂನೊಂದು ತಡೆಯುತ್ತದೆ. ನಮ್ಮ ದೇಶದಲ್ಲಿ ಸ್ಪರ್ಧಾ ಆಯೋಗವು 2014ರಲ್ಲಿ ಹದಿನಾಲ್ಕು ಕಾರು ತಯಾರಕರ ವಿಷಯದಲ್ಲಿ ಆದೇಶವೊಂದನ್ನು ಹೊರಡಿಸಿ, ಹೊರಗಿನ ಗ್ಯಾರೇಜಿಗೆ ಹೋದ ಮಾತ್ರಕ್ಕೆ ಗ್ಯಾರಂಟಿಯನ್ನು ಸಾರಾಸಗಟಾಗಿ ರದ್ದುಮಾಡಬಾರದೆಂದು ಹೇಳಿತು. ಆ ಆದೇಶದ ಮೇಲೆ ಮೇಲಿನ ನ್ಯಾಯಸ್ಥಾನಗಳಲ್ಲಿ ವ್ಯಾಜ್ಯಗಳು ನಡೆದವು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರವು ದುರಸ್ತಿಯ ಹಕ್ಕಿಗಾಗಿಯೇ ಒಂದು ಮಾಹಿತಿ ತಾಣವನ್ನು ತೆರೆಯಿತು. ಗಾಳಿ ಬೀಸುವ ದಿಕ್ಕು ಒಳ್ಳೆಯದೇ. ಆದರೂ ಗ್ಯಾರಂಟಿಯ ಅವಧಿಯಲ್ಲಿರುವ ಹೊಸ ಕಾರಿನ ಮೇಲೆ ವಿದ್ಯಾರ್ಥಿಗಳು ಪ್ರಯೋಗ ಮಾಡುವುದು ಬೇಡವೆಂದೇ ನಾವು ಹೇಳುತ್ತೇವೆ. ಅವಧಿ ಮುಗಿದ ಕಾರೇ ಪಾಠಶಾಲೆಯಾಗಲಿ. ಎಣ್ಣೆ, ಫಿಲ್ಟರುಗಳ ರಸೀದಿಯನ್ನೂ ದಿನಾಂಕವನ್ನೂ ಕಿಲೋಮೀಟರನ್ನೂ ಒಂದು ಪುಸ್ತಕದಲ್ಲಿ ಇಡಬೇಕು.

ನಮ್ಮ ವಾದಕ್ಕೆ ನಿಜವಾದ ಆಕ್ಷೇಪಣೆಯೊಂದು ಇದೆ. ಅದು ವಿದ್ಯುತ್ತಿನದೂ ಅಲ್ಲ, ಗ್ಯಾರಂಟಿಯದೂ ಅಲ್ಲ. ತಟ್ಟೆಯಲ್ಲಿ ಇಳಿದ ಆ ನಾಲ್ಕು ಲೀಟರ್ ಕಪ್ಪು ಎಣ್ಣೆಯದು. ಅದರಲ್ಲಿ ಲೋಹದ ಕಣಗಳೂ ಅರ್ಧ ಉರಿದ ಪೆಟ್ರೋಲಿನಿಂದ ಹುಟ್ಟಿದ ವಿಷವಸ್ತುಗಳೂ ಇವೆ. ಇಂಥ ಎಣ್ಣೆಯನ್ನು ಬಹುಕಾಲ ಚರ್ಮಕ್ಕೆ ಸವರಿದ ಇಲಿಗಳಲ್ಲಿ ಚರ್ಮದ ಅರ್ಬುದರೋಗ ಕಾಣಿಸಿಕೊಂಡಿದೆ. ಕೈಗೆ ಗ್ಲೌಸು ಹಾಕಬೇಕೆನ್ನುವುದು ಇದಕ್ಕಾಗಿ. ಒಂದು ಸಲ ಬದಲಾಯಿಸಿದ ಎಣ್ಣೆಯು ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲುದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಜನರನ್ನು ಎಚ್ಚರಿಸುತ್ತದೆ. ನಮ್ಮಲ್ಲಿ ಇದನ್ನು ಬೇಲಿಯ ಗೂಟಗಳಿಗೆ ಗೆದ್ದಲು ಹತ್ತದಿರಲೆಂದು ಬಳಿಯುತ್ತಾರೆ, ಸೆಂಟ್ರಿಂಗ್ ಹಲಗೆಗಳಿಗೆ ಸವರುತ್ತಾರೆ, ಉಳಿದುದನ್ನು ಮೋರಿಗೆ ಚೆಲ್ಲುತ್ತಾರೆ. ಮಳೆ ಬಂದಾಗ ಅದೆಲ್ಲ ಕೆರೆಗೆ ಸೇರುತ್ತದೆ. ಇಂಧನವನ್ನುಳಿಸಿ ಗಾಳಿಯನ್ನು ಶುದ್ಧವಾಗಿಡಲೆಂದು ಹೈಬ್ರಿಡ್ ಕಾರನ್ನು ಕೊಂಡವನು ಅದರ ಎಣ್ಣೆಯನ್ನು ಮೋರಿಗೆ ಚೆಲ್ಲಿದರೆ ಅವನು ಗ್ಯಾರೇಜಿಗೆ ಹೋಗುವುದೇ ಎಷ್ಟೋ ಮೇಲು.

ಆದರೆ ಈ ಎಣ್ಣೆಯು ಕಸವಲ್ಲ. ಅದನ್ನು ಶುದ್ಧೀಕರಿಸಿ ಮತ್ತೆ ಕೀಲೆಣ್ಣೆಯನ್ನಾಗಿ ಮಾಡಬಹುದು. ಒಮ್ಮೆಯಲ್ಲ, ಮತ್ತೆ ಮತ್ತೆ. ಅಮೆರಿಕದಲ್ಲಿ ಬಿಡಿಭಾಗಗಳನ್ನು ಮಾರುವ ಅನೇಕ ಅಂಗಡಿಗಳು ಗಿರಾಕಿಗಳ ಹಳೆಯ ಎಣ್ಣೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತವೆ. ಮನೆಯಲ್ಲಿ ಎಣ್ಣೆ ಬದಲಾಯಿಸುವ ಅಭ್ಯಾಸವು ಅಲ್ಲಿ ಸಭ್ಯವಾಗಿ ಉಳಿದಿರುವುದು ಇದರಿಂದಲೇ. ಭಾರತದಲ್ಲಿ ಬಳಸಿದ ಎಣ್ಣೆಯು 2016ರ ಅಪಾಯಕಾರಿ ತ್ಯಾಜ್ಯಗಳ ನಿಯಮಗಳಿಗೆ ಒಳಪಟ್ಟಿದೆ. 2023ರಲ್ಲಿ ಆ ನಿಯಮಗಳನ್ನು ತಿದ್ದಿ, 2024ರ ಏಪ್ರಿಲ್ 1ರಿಂದ ಅದರ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿದ್ದಾರೆ. ಈ ಹೊಣೆಯು ಕಾಗದದಿಂದ ಇಳಿದು, ಕೀಲೆಣ್ಣೆಯ ಡಬ್ಬಿಯನ್ನು ಮಾರುವ ಪ್ರತಿಯೊಂದು ಅಂಗಡಿಯ ಮೂಲೆಯಲ್ಲಿ ಒಂದು ಪೀಪಾಯಿಯಾಗಿ ಕುಳಿತುಕೊಳ್ಳಬೇಕೆಂಬುದು ನಮ್ಮ ಬೇಡಿಕೆ. ಆವರೆಗೆ, ಕೆಲಸಕ್ಕೆ ಹೊರಟ ತರುಣರು ಮೊದಲು ಬೀದಿಯ ಗ್ಯಾರೇಜಿಗೆ ಹೋಗಿ, ಹಳೆಯ ಎಣ್ಣೆಯನ್ನು ಮಂಡಳಿಯ ಅನುಮತಿಯುಳ್ಳ ಶುದ್ಧೀಕರಣದವರಿಗೆ ಕೊಡುತ್ತೀರಾ, ನಮ್ಮದನ್ನೂ ಜೊತೆಯಲ್ಲಿ ಸೇರಿಸಿಕೊಳ್ಳುತ್ತೀರಾ ಎಂದು ಕೇಳಬೇಕು. ಅವರು ಹೂಂ ಎಂದ ಮೇಲೆ ಮನೆಗೆ ಬಂದು ಬೋಲ್ಟನ್ನು ಸಡಿಲಿಸಬಹುದು.